ಅ ಹಾಡಲಿ, ಆದರೆ ಮೊದಲು ರ ಬರೆಯಲಿ

ಬಾಗಲಕೋಟೆಯ ನವನಗರದಲ್ಲಿ ಅಂಗನವಾಡಿ ಕಾರ್ಯಕರ್ತೆಯರೂ ಮಕ್ಕಳ ತಾಯಂದಿರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಗೆ ಇವೆ.

ಎಲ್ಲರಿಗೂ ಶರಣು ಶರಣಾರ್ಥಿ.

ಮಾತಿಗಿಂತ ಮೊದಲು ಒಂದು ಕೆಲಸ. ಕೈಯಲ್ಲಿ ಪೆನ್ನು ಇದ್ದವರು ಅದನ್ನು ಎಡಗೈಗೆ ತಗೊಳ್ರಿ. ಎಡಚರಿದ್ದರೆ ಬಲಗೈಗೆ. ಈಗ ಒಂದು ಅ ಬರೀರಿ. ನಗಬ್ಯಾಡ್ರಿ, ಬರೀರಿ.

ಹಾಂ, ಇಲ್ಲಿಂದಲೇ ಕಾಣಿಸುತ್ತದೆ. ಪೆನ್ನು ಮುರಿಯುವ ಹಾಗೆ ಬಿಗಿಯಾಗಿ ಹಿಡಿದಿದ್ದೀರಿ. ಹೆಗಲು ಕಿವಿಯ ಹತ್ತಿರ ಹೋಗಿದೆ. ಹಿಂದಿನ ಸಾಲಿನಲ್ಲಿ ಒಬ್ಬರ ನಾಲಿಗೆಯೂ ಹೊರಗೆ ಬಂದಿದೆ. ಅ ಹೇಗಿರುತ್ತದೆ ಅನ್ನುವುದು ನಿಮ್ಮ ತಲೆಗೆ ಚಿಕ್ಕಂದಿನಿಂದ ಗೊತ್ತು, ಆದರೆ ಈ ಕೈಗೆ ಗೊತ್ತಿಲ್ಲ. ಮೂರೂವರೆ ವರ್ಷದ ಮಗುವಿಗೆ ತಲೆಗೂ ಹೊಸದು, ಕೈಗೂ ಹೊಸದು. ಅಂಥ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಎರಡು ಗೆರೆ ನೋಟ್‌ಬುಕ್ ಮುಂದಿಟ್ಟು, ಅಂಕಲಿಪಿಯ ಮೊದಲ ಅಕ್ಷರ ಅಂತ ಅ ತಿದ್ದಿಸುತ್ತೇವೆ.

ಆ ಅಕ್ಷರವನ್ನು ಸ್ವಲ್ಪ ನೋಡ್ರಿ. ಒಂದು ಸಣ್ಣ ಸುಳಿ, ಒಂದು ಅಗಲವಾದ ಹೊಟ್ಟೆ, ನಡುವೆ ಹಾದುಹೋಗುವ ಗೆರೆ. ಒಂದು ಕಡೆ ಸುತ್ತಿಕೊಂಡು ಹೊರಟ ಕೈ ನಡುದಾರಿಯಲ್ಲಿ ದಿಕ್ಕು ಬದಲಿಸಬೇಕು, ಮೊದಲು ಎಳೆದ ಗೆರೆಗೆ ತಾಗದಂತೆ ಅದರ ಪಕ್ಕದಲ್ಲೇ ಮತ್ತೆ ಬರಬೇಕು. ಇಂಥದ್ದು ಮೊದಲ ದಿನದ ಪಾಠ ಆಗಬಾರದು. ಅದರ ಬೆನ್ನಿಗೆ ಆ ಬರುತ್ತದೆ, ಆಮೇಲೆ ಇ, ಈ. ಮುಂದೆ ಋ. ಋ ಬರೆಯುವಷ್ಟರಲ್ಲಿ ದೊಡ್ಡವರ ಕೈಯೇ ಒಮ್ಮೆ ಯೋಚನೆ ಮಾಡುತ್ತದೆ.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ: ನಮ್ಮ ವರ್ಣಮಾಲೆಯ ಕ್ರಮವನ್ನು ಕಟ್ಟಿದ್ದು ನಾಲಿಗೆಗಾಗಿ. ಕೈಗಾಗಿ ಯಾರೂ ಅದನ್ನು ಕಟ್ಟಲಿಲ್ಲ.

ಅದು ಬಹಳ ಚಂದದ ಕ್ರಮ, ಅದರಲ್ಲಿ ಎರಡು ಮಾತಿಲ್ಲ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ವರ್ಗಾಕ್ಷರಗಳನ್ನೇ ನೋಡ್ರಿ. ಕ ಗಂಟಲ ಹತ್ತಿರ, ಚ ಅಂಗುಳಿಗೆ, ಟ ಇನ್ನೂ ಮುಂದೆ ನಾಲಿಗೆ ಮಡಚಿದಲ್ಲಿ, ತ ಹಲ್ಲಿಗೆ, ಪ ತುಟಿಗೆ. ಒಳಗಿನಿಂದ ಹೊರಗೆ ಒಂದೊಂದೇ ಮೆಟ್ಟಿಲು. ಮಕ್ಕಳು ಇದನ್ನು ರಾಗವಾಗಿ ಹೇಳಲಿ, ಚಪ್ಪಾಳೆ ತಟ್ಟಿ ಹೇಳಲಿ, ದಿನಾ ಹೇಳಲಿ. ಬರೆಯುವ ಹೊತ್ತಿಗೆ ಅದೇ ಕ್ರಮ ಹಿಡಿದರೆ ಮಾತ್ರ ತೊಂದರೆ. ಕ ಆದ ಕೂಡಲೇ ಖ, ಗ, ಘ, ಐದನೆಯದೇ ಙ. ಈ ಙ ದಿಂದ ಶುರುವಾಗುವ ಒಂದು ಮಾತು ಮಗುವಿನ ಮನೆಯಲ್ಲಿ ಇದೆಯೇ? ನಿಮ್ಮ ಮನೆಯಲ್ಲಿ ಇದೆಯೇ? ಹೊಸದಾಗಿ ಬರೆಯುವ ಕೈಗೆ ಐದನೇ ವ್ಯಂಜನ ಅಂತ ಅದನ್ನು ಕೊಡುವುದು ನನ್ನ ದೃಷ್ಟಿಯಲ್ಲಿ ಶುದ್ಧ ದಂಡ. ಪ್ರಾಥಮಿಕ ಶಾಲೆ ಮುಗಿಯುವತನಕ ಆ ಅಕ್ಷರ ಬರೆಯದೆ ಹೋದರೂ ಯಾವ ಹುಡುಗನಿಗೂ ನಷ್ಟವಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಅಕ್ಷರಗಳ ಮೊದಲ ಗುಂಪು ಯಾವುದು? ಒಂದನೇ ತರಗತಿಗೆ ಕಲಿಸಿದವರು ಇಲ್ಲಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ: ರ ಗ ಸ ದ ಅ. ಅ ಅಲ್ಲಿ ಐದನೆಯದು. ಈ ಐದರಲ್ಲಿ ಗುಣಿತ ಇಲ್ಲ, ಒತ್ತಕ್ಷರ ಇಲ್ಲ, ಆದರೂ ಎಷ್ಟು ಮಾತು ಹುಟ್ಟುತ್ತವೆ ನೋಡ್ರಿ. ಸರ, ರಸ, ಅರಸ, ಅಗಸ, ಗರಗಸ, ಸರಸರ. ನಮ್ಮ ಪಕ್ಕದ ಗದಗ ಊರಿನ ಹೆಸರು ಬರೆಯಲು ಎರಡೇ ಅಕ್ಷರ ಸಾಕು. ಮುಂದಿನ ಗುಂಪು ಜ ವ ಮ ಬ ನ. ಅದು ಬಂದ ಕೂಡಲೇ ಮಗುವಿನ ಕೈಗೆ ಜನ ಬರುತ್ತದೆ, ವನ ಬರುತ್ತದೆ, ಬಸವ ಬರುತ್ತದೆ. ಬಸವನ ಬಾಗೇವಾಡಿಯಿಂದ ಕೂಡಲಸಂಗಮದವರೆಗಿನ ಈ ನಾಡಿನಲ್ಲಿ ಓಣಿಗೊಬ್ಬ ಬಸವ ಇದ್ದಾನೆ. ತನ್ನ ಹೆಸರನ್ನು ಒಂದು ಕೊಂಬಿಲ್ಲದೆ, ಒಂದು ಗುಡಿಸಿಲ್ಲದೆ ಬರೆಯಬಹುದು ಅಂತ ಆ ಹುಡುಗನಿಗೆ ಗೊತ್ತಾಗಲಿ. ಶ್ರೀಶೈಲ, ಮಲ್ಲಿಕಾರ್ಜುನ ಇಂಥವರು ಪಾಪ, ಇನ್ನೊಂದೆರಡು ವರ್ಷ ಕಾಯಬೇಕು. ಅವರಿಗೆ ಚೀಲದ ಮೊಳೆಯ ಮೇಲೆ ಹೆಸರು ಅಂಟಿಸಿಡಿ, ಗುರುತು ಹಿಡಿಯಲಿ, ಅಷ್ಟು ಸಾಕು.

ನಲಿ-ಕಲಿ ಇರುವುದು ಒಂದನೇ ತರಗತಿಯಿಂದ. ನಮ್ಮ ಮಕ್ಕಳು ಅದಕ್ಕಿಂತ ಸಣ್ಣವರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತ ಅಂತ ಕರೆಯಿತು. ಅಂಗನವಾಡಿಯ ಮೂರು ವರ್ಷ ಮತ್ತು ಒಂದು, ಎರಡನೇ ತರಗತಿ ಸೇರಿ ಐದು ವರ್ಷ. ಬರೆಯಲು ಕಲಿಯಲಿಕ್ಕೆ ಐದು ವರ್ಷ ಇವೆ. ನಾವು ಮೊದಲ ಆರು ತಿಂಗಳಲ್ಲೇ ಎಲ್ಲಾ ಮುಗಿಸಬೇಕೆಂದು ಹೊರಡುತ್ತೇವೆ.

ಈಗ ಕೈಯ ವಿಷಯಕ್ಕೆ ಬರೋಣ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನ ಕೈ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ, ಎಲ್ಲ ಇನ್ನೂ ಮೆದು ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ. ಮೂರು, ಮೂರೂವರೆ ವರ್ಷಕ್ಕೆ ಮೂರೋ ನಾಲ್ಕೋ. ಆರರ ಸುಮಾರಿಗೆ ಏಳು. ಎಂಟನೆಯದು ಎಂಟು ವರ್ಷ ದಾಟಿದ ಮೇಲೆಯೇ. ಬೆರಳ ಹಿಡಿತವೂ ಹೀಗೇ ಬೆಳೆಯುತ್ತದೆ. ಒಂದೂವರೆ ವರ್ಷದ ಕೂಸು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಇಡೀ ತೋಳು ಆಡಿಸಿ ಗೀಚುತ್ತದೆ. ಎರಡು ಮೂರು ವರ್ಷಕ್ಕೆ ಬೆರಳುಗಳು ಕೆಳಮುಖವಾಗುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಹಿಡಿಯುವುದು ನಾಲ್ಕರ ಆಸುಪಾಸು. ಆ ಮೂರು ಬೆರಳುಗಳೇ ಆಡಿ, ಮಣಿಕಟ್ಟು ನಿಂತಲ್ಲೇ ನಿಂತು, ಸಣ್ಣ ಅಕ್ಷರ ಬರೆಯುವುದು ಐದು, ಆರಕ್ಕೆ. ಮೂರರ ಮಗುವಿಗೆ ಎರಡು ಗೆರೆಯ ನಡುವೆ ಬರಿ ಅಂದರೆ ಅದು ತೋಳಿನಿಂದ ಬರೆಯುತ್ತದೆ. ತೋಳು ಬರೆದ ಅಕ್ಷರ ಗೆರೆಯಲ್ಲಿ ಕೂಡುವುದಿಲ್ಲ. ಆಗ ನಾವು 'ಲಕ್ಷ್ಯ ಇಲ್ಲ ಇವನಿಗೆ' ಅನ್ನುತ್ತೇವೆ.

ಆಕಾರಗಳಿಗೂ ಒಂದು ಸರದಿ ಇದೆ. ಮಗು ನೋಡಿ ಎಳೆಯುವ ಮೊದಲ ಗೆರೆ ಮೇಲಿನಿಂದ ಕೆಳಗೆ, ಆಮೇಲೆ ಅಡ್ಡ, ಮೂರರ ಸುಮಾರಿಗೆ ವೃತ್ತ. ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಅದಾದ ಮೇಲೆ ಚೌಕ. ಓರೆ ಗೆರೆಗಳು ಕೂಡುವ ತ್ರಿಕೋನ ಬರುವುದು ಐದರ ಹತ್ತಿರ. ಇದರಿಂದ ಕನ್ನಡಕ್ಕೆ ಒಂದು ಲಾಭ ಇದೆ, ಅದನ್ನು ನಾವು ಯಾರೂ ಎಣಿಸಿಲ್ಲ. ಇಂಗ್ಲಿಷಿನ ದೊಡ್ಡ ಎ ಎರಡು ಓರೆಗೆರೆಗಳ ಮೇಲೆ ನಿಂತಿದೆ. ನಮ್ಮ ರ, ಠ, ಗ, ಬ ಎಲ್ಲ ದುಂಡಗೆ. ದುಂಡು ಮೂರು ವರ್ಷದ ಕೈಗೇ ಬರುತ್ತದೆ, ಓರೆ ಅಷ್ಟು ಬೇಗ ಬರುವುದಿಲ್ಲ.

ಈ ದುಂಡು ಎಲ್ಲಿಂದ ಬಂತು ಅನ್ನುವುದಕ್ಕೆ ತಾಳೆಗರಿಯ ಕಾರಣ ಕೊಡುತ್ತಾರೆ. ಗರಿಯ ನಾರು ಉದ್ದಕ್ಕೆ ಇರುತ್ತದೆ, ಕಬ್ಬಿಣದ ಕಂಟದಿಂದ ನೇರ ಅಡ್ಡಗೆರೆ ಎಳೆದರೆ ಸೀಳಿಹೋಗುತ್ತದೆ, ಹಾಗಾಗಿ ಬರೆಯುವ ಕೈ ತಿರುವು ಕಲಿಯಿತು ಅಂತ. ಇಲ್ಲೇ ಬಾದಾಮಿಯ ಮೂರನೇ ಗುಹೆಗೆ ಹೋದರೆ ಚಾಲುಕ್ಯರ ಮಂಗಳೇಶನ ಒಂದು ಹಳೆಯ ಕನ್ನಡ ಶಾಸನ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ತೋರಿಸಿ. ನಮಗೂ ಓದಲಿಕ್ಕೆ ಬರುವುದಿಲ್ಲ ಅನ್ನುವುದು ಮಕ್ಕಳಿಗೆ ಬಹಳ ಖುಷಿ ಕೊಡುವ ಸಂಗತಿ.

ದುಂಡಿನ ಮಾತು ಬಂದಾಗ ಒಂದು ತಕರಾರು ಹೇಳಲೇಬೇಕು. ಎಲ್ಲ ನರ್ಸರಿಗಳಲ್ಲೂ ಬರವಣಿಗೆಗೆ ಮೊದಲು ಮಾಡಿಸುವ ಅಭ್ಯಾಸ ಯಾವುದು? ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್, ಸ್ಲ್ಯಾಂಟಿಂಗ್ ಲೈನ್. ಪುಟಗಟ್ಟಲೆ ನಿಂತ ಗೆರೆ, ಪುಟಗಟ್ಟಲೆ ಮಲಗಿದ ಗೆರೆ. ಎಬಿಸಿಡಿಗೆ ಅದು ಬೇಕು, ಸರಿ. ಕನ್ನಡ ಕಲಿಸುವ ಅಂಗನವಾಡಿಗೂ ಅದನ್ನೇ ಎತ್ತಿಕೊಂಡು ಬಂದರೆ ಹೇಗೆ? ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ನಮಗೆ ಬೇಕಾದದ್ದು ಕಮಾನು, ಬಟ್ಟಲು, ಸುಳಿ. ಗ ಬರೆಯುವಾಗ ಕೈ ಎಡದಿಂದ ಮೇಲೇರಿ ಬಲಕ್ಕೆ ಇಳಿಯುತ್ತದೆ, ಅದು ಕಮಾನು. ಬ ಬರೆಯುವಾಗ ಎಡದಿಂದ ಕೆಳಗಿಳಿದು ಬಲಕ್ಕೆ ಏರುತ್ತದೆ, ಅದು ಬಟ್ಟಲು. ಎರಡೂ ದಿಕ್ಕಿಗೆ ತಿರುಗುವ ಕೈ ಬೇಕು. ನೆಲದ ಮೇಲೆ ಉದ್ದಕ್ಕೆ ಕಮಾನು ಕಮಾನು ಕಮಾನು ಎಳೆಸಿ, ಅದರ ಕೆಳಗೆ ಬಟ್ಟಲು ಬಟ್ಟಲು ಬಟ್ಟಲು. ಇದನ್ನು ಮಾಡಿದ ಮಗುವಿಗೆ ಗ ಬರೆಯುವುದು ದೊಡ್ಡದಲ್ಲ.

ಇನ್ನು ಕೈಗೆ ಶಕ್ತಿ ಬರುವ ವಿಷಯ. ಇದಕ್ಕೆ ದುಡ್ಡು ಕೊಟ್ಟು ತರುವ ಸಾಮಾನು ಏನೂ ಬೇಡ. ಮಕ್ಕಳಿಂದ ಶೇಂಗಾ ಸುಲಿಸಿ. ಸಿಪ್ಪೆ ಒಡೆಯಲಿಕ್ಕೆ ಹೆಬ್ಬೆರಳಿನ ತುದಿಯಲ್ಲಿ ಎಷ್ಟು ಬಲ ಬೇಕು ಅಂತ ನಮಗೆ ಮರೆತುಹೋಗಿದೆ. ತಾನೇ ರೊಟ್ಟಿ ಮುರಿದು ತಿನ್ನಲಿ. ತುತ್ತು ಮಾಡಿ ಬಾಯಿಗೆ ಇಟ್ಟು, ಇನ್ನೊಂದು ಕೈಗೆ ಮೊಬೈಲ್ ಕೊಟ್ಟು ಕೂಡ್ರಿಸಿದರೆ ಆ ಹೊತ್ತಿನಲ್ಲಿ ಬೆರಳಿಗೆ ಕೆಲಸವೇ ಇಲ್ಲ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಿ, ತಡವಾದರೆ ಆಗಲಿ.

ರಂಗೋಲಿ ಹುಡಿಯನ್ನು ಯಾವ ಬೆರಳಲ್ಲಿ ಹಿಡಿಯುತ್ತೀರಿ? ಮಾಡಿ ತೋರಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅದೇ ಪೆನ್ಸಿಲ್ ಹಿಡಿತ. ಮೇಲಾಗಿ ಹುಡಿ ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಅನ್ನುವ ಹದ ಬೇರೆ. ನಾಲ್ಕು ವರ್ಷದ ಮಗುವಿಗೆ ಬಾಗಿಲ ಮುಂದೆ ಒಂದು ಮೊಳ ಜಾಗ ಬಿಟ್ಟುಕೊಡಿ. ಹುಡುಗರಿಗೂ ಕೊಡಿ. 'ಗಂಡಸ ಹುಡುಗ ರಂಗೋಲಿ ಹಾಕತಾನೇನ್ರಿ' ಅಂತ ಕೇಳಬೇಡಿ. ಅವನಿಗೂ ಅಕ್ಷರ ಬೇಕಲ್ಲ.

ಬೀಳಗಿ ಕಡೆಯ ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಕ್ಕನವರು ಎರಿ ಮಣ್ಣು ತಂದು, ಹರಳು ಆರಿಸಿ, ಹದವಾಗಿ ಕಲಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮುದ್ದೆ ಇಟ್ಟಿದ್ದರು. ನಾಲ್ಕು ವರ್ಷ ಇರಬಹುದು, ಒಂದು ಹುಡುಗಿ ಮೊದಲು ಎರಡೂ ಅಂಗೈಯ ನಡುವೆ ಮಣ್ಣು ಉರುಳಿಸಿ ಎತ್ತಿನ ಮೈ ಮಾಡಿದಳು. ಕಾಲು ನಾಲ್ಕೂ ದಪ್ಪ ದಪ್ಪ ಬಂದವು, ಎತ್ತು ನಿಂತಿತು. ಕೋಡಿಗೆ ಬಂದಾಗ ನಿಜವಾದ ಕೆಲಸ. ಅಂಗೈಯಲ್ಲಿ ಉರುಳಿಸಿದರೆ ದಪ್ಪ ಆಗುತ್ತದೆ, ಹಾಗಾಗಿ ಬೆರಳ ತುದಿಗೆ ತಗೊಂಡಳು. ಹೆಬ್ಬೆರಳಿನಿಂದ ಇನ್ನೆರಡು ಬೆರಳ ಮೇಲೆ ಹಗುರಕ್ಕೆ ಹೊಸೆದಳು. ಮುರಿಯಿತು. ಇನ್ನೊಂದು ಹೊಸೆದು, ಒಂದು ಕಡೆ ಚೂಪು ಮಾಡಿ, ಬಾಗಿಸಿ, ಬೆರಳು ನೀರಿಗೆ ಅದ್ದಿ ತಲೆಗೆ ಒತ್ತಿ ಅಂಟಿಸಿದಳು. ಬಲಗಡೆಯ ಕೋಡು ಬಲಕ್ಕೆ ಬಾಗಿದರೆ ಎಡಗಡೆಯದು ಎಡಕ್ಕೆ ಬಾಗಬೇಕು ಅನ್ನುವುದು ಮೊದಲ ಸಲಕ್ಕೆ ಗೊತ್ತಾಗಲಿಲ್ಲ, ಎರಡೂ ಒಂದೇ ಕಡೆ ಹೋದವು. ಅವಳೇ ತಲೆ ಓರೆ ಮಾಡಿ ನೋಡಿ, 'ಇದು ಎತ್ತ ಅಲ್ಲಬೇ' ಅಂತ ಒಂದನ್ನು ಕಿತ್ತು ತಿರುಗಿಸಿದಳು. ಕಮಾನು ಯಾವ ಕಡೆ, ಬಟ್ಟಲು ಯಾವ ಕಡೆ ಅಂತ ನಾವು ಪಾಟಿಯ, ಅಂದರೆ ಸ್ಲೇಟಿನ, ಮೇಲೆ ಕಲಿಸಲು ಹೆಣಗುವ ಪಾಠವನ್ನು ಅವಳು ಅಲ್ಲಿ ಕಲಿತಳು. ಎತ್ತಿನ ಕಣ್ಣಿಗೆ ಮಾತ್ರ ಒಂದು ಎಚ್ಚರ: ಗುಲಗಂಜಿ ಕೊಡಬೇಡಿ, ಅದು ವಿಷ. ಜೋಳದ ಕಾಳು ಸಾಕು.

ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಗುಳ್ಳವ್ವನನ್ನು ಮಾಡುತ್ತೇವೆ. ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಹಬ್ಬಗಳು ಮಣ್ಣು ಹಿಡಿದುಕೊಂಡು ಬರುತ್ತವೆ. ಅಂಗನವಾಡಿಯ ಚಿಲಿಪಿಲಿ ಚಟುವಟಿಕೆಗಳ ಜೊತೆಗೆ ಇವನ್ನು ಸೇರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಈಗ ಅಕ್ಷರ. ಒಂದು ಅಗಲವಾದ ತಾಟಿನಲ್ಲಿ ತೆಳ್ಳಗೆ ಉಸುಕು ಹರವಿ. ರವೆಯಾದರೂ ನಡೆಯುತ್ತದೆ, ಇರುವೆ ಬರುತ್ತವೆ ಅಷ್ಟೇ. ಮಗುವಿನ ಎದುರಿಗೆ ಕೂಡಬೇಡಿ, ಪಕ್ಕಕ್ಕೆ ಕೂಡಿ. ಎದುರಿಗೆ ಕೂತು ಬರೆದರೆ ಅದಕ್ಕೆ ತಲೆಕೆಳಗಾದ ರ ಕಾಣುತ್ತದೆ. ನೀವು ಒಮ್ಮೆ ನಿಧಾನ ಬರೀರಿ, ಬಾಯಲ್ಲಿ 'ರ' ಅನ್ನಿ. ಮೈ ಮೊದಲು, ತಲೆಕಟ್ಟು ಕೊನೆಗೆ. ಆಮೇಲೆ ಮಗು ಎರಡು ಬೆರಳು ಕೂಡಿಸಿ ಅದರ ಮೇಲೆಯೇ ತಿದ್ದಲಿ, ತಾನೂ 'ರ' ಅನ್ನಲಿ. ತಾಟು ಅಲುಗಿಸಿದರೆ ಅಕ್ಷರ ಮಾಯ. ತಪ್ಪು ಬರೆದದ್ದೂ ಮಾಯ. ಉಸುಕಿನ ದೊಡ್ಡ ಗುಣವೇ ಇದು, ಅದರಲ್ಲಿ ಕೆಂಪು ಶಾಯಿಯ ಗುರುತು ನಿಲ್ಲುವುದಿಲ್ಲ. ಮೂರನೆಯದಾಗಿ, ತಾಟು ಅಲುಗಿಸಿ ಖಾಲಿ ಮಾಡಿ, ನೋಡದೆ ಬರೆಯಲಿ. ಒಂದು ಅಕ್ಷರಕ್ಕೆ ಒಂದು ದಿನಕ್ಕೆ ಐದು ನಿಮಿಷ ಸಾಕು. ಬೇಡ ಅಂತ ಎದ್ದು ಹೋದರೆ ಬಿಟ್ಟುಬಿಡಿ.

ಉಸುಕಿನಲ್ಲಿ ಬೆರಳಿನಿಂದ ಬರೆಯುವುದು ನಮ್ಮ ಜಗುಲಿಯ ಶಾಲೆಗಳ ಹಳೆಯ ಪದ್ಧತಿ. 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರಿನ ಶಾಲೆಯ ಮಕ್ಕಳು ನೆಲದ ಮೇಲೆ ಕೂತು ಉಸುಕಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ತಂದ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಅಚ್ಚು ಹಾಕಿಸಿದ. ಅಲ್ಲಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಉಸುಕಿನ ತಟ್ಟೆ ಹೋಯಿತು. ನೂರು ವರ್ಷ ಕಳೆದ ಮೇಲೆ, 1907ರಲ್ಲಿ, ರೋಮಿನಲ್ಲಿ ಮಾರಿಯಾ ಮಾಂಟೆಸ್ಸೊರಿ ಮಕ್ಕಳ ಮನೆ ತೆರೆದು, ಉಸುಕು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳು ಆಡಿಸಿ ಕಲಿಸಿದರು. ಅವರು 1939ರಲ್ಲಿ ಮದ್ರಾಸಿಗೇ ಬಂದರು, ಯುದ್ಧದ ಕಾಲವೆಲ್ಲ ಭಾರತದಲ್ಲೇ ಉಳಿದರು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ, ಅವರ ಜೊತೆ ದುಡಿದು ಆಮೇಲೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಾಲವಾಡಿ ನಡೆಸಿದ ತಾರಾಬಾಯಿ ಮೋಡಕ್, ಇವರೆಲ್ಲ ಅದನ್ನು ಬಡವರ ಅಂಗಳಕ್ಕೆ ಒಗ್ಗಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂದವರು ತಾರಾಬಾಯಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿ ಅಂಗನವಾಡಿಗಳು ಬಂದಾಗ ಅದರ ಹಿಂದೆ ಇಷ್ಟು ಜನರ ದುಡಿಮೆ ಇತ್ತು. ಇಷ್ಟೆಲ್ಲ ಸುತ್ತಿ ಬಂದ ಉಸುಕಿನ ತಟ್ಟೆಯನ್ನು ನಾವು ಅಟ್ಟದ ಮೇಲೆ ಇಟ್ಟು ಚುಕ್ಕೆ ಅಕ್ಷರದ ಪುಸ್ತಕ ತಂದಿದ್ದೇವೆ.

ಚುಕ್ಕೆ ಅಕ್ಷರ ನನಗೆ ಅಷ್ಟು ಸೇರುವುದಿಲ್ಲ. ಮಗು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಅಕ್ಷರದ ಆಕಾರ ಬಂದೇ ಬರುತ್ತದೆ, ಹಾಗಾಗಿ ಕೈ ಸರಿಯಾಗಿ ತಿರುಗಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕೈ ಹಿಡಿದು ಬರೆಸುವುದೂ ಹಾಗೇ. ಒಂದೆರಡು ಸಲ ದಾರಿ ತೋರಿಸಲು ಅಡ್ಡಿಯಿಲ್ಲ. ದಿನಾ ಹಿಡಿದರೆ ಮಗು ಕೈ ಸಡಿಲ ಬಿಟ್ಟು ಕಿಟಕಿಯ ಹೊರಗೆ ನೋಡುತ್ತದೆ. ಆಗ ಬರೆಯುತ್ತಿರುವವರು ನೀವು.

ಉಸುಕಿನಿಂದ ಫರಸಿಗೆ ಬನ್ನಿ. ಫರಸಿ ಕಲ್ಲು ಹಾಸಿದ ನೆಲದ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ದೊಡ್ಡದಾಗಿ ಬರೆಯಲಿ, ಮೊಣಕಾಲೂರಿ. ಗೋಡೆಯ ಮೇಲೆ ಒದ್ದೆ ಬಟ್ಟೆಯ ತುಂಡಿನಿಂದ ಬರೆಯಲಿ. ನಿಂತು ಗೋಡೆಗೆ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಮುಂದೆ ಪೆನ್ಸಿಲ್‌ಗೆ ಬೇಕಾದ ಭಂಗಿ ಅದೇ. ಖಡು ಕೊಡುವಾಗ ಮುರಿದ ತುಂಡು ಕೊಡಿ, ಅರ್ಧ ಬೆರಳಿನಷ್ಟು ಸಾಕು. ಉದ್ದ ಇದ್ದರೆ ಮುಷ್ಟಿಯಲ್ಲಿ ಹಿಡಿಯಲು ಜಾಗ ಸಿಗುತ್ತದೆ. ಗಿಡ್ಡ ಇದ್ದರೆ ಬೆರಳ ತುದಿಯೇ ಗತಿ. ಆಮೇಲೆ ಪಾಟಿ. ಪೆನ್ಸಿಲ್ ಎಲ್ಲಕ್ಕಿಂತ ಕೊನೆಗೆ, ಐದು ದಾಟಿದ ಮೇಲೆ.

ಅಕ್ಷರಗಳನ್ನು ಮನೆತನದ ಪ್ರಕಾರ ಕೊಡಿ. ರ ಬಂದವರಿಗೆ ಠ ಒಂದು ಚುಕ್ಕೆಯಷ್ಟು ದೂರ. ದ ಬಂದವರಿಗೆ ಥ, ಧ ಹತ್ತಿರ. ಪ, ವ, ಮ ಒಂದು ಮನೆಯವು, ಪ ದ ಹೊಟ್ಟೆ ಸೀಳಿದರೆ ಷ. ಹತ್ತಿರದವು ಅಂತ ಒಂದೇ ದಿನ ಕೊಡಬೇಡಿ ಮತ್ತೆ, ಕಲಸಿಹೋಗುತ್ತವೆ. ಮ ಮತ್ತು ವು ನಡುವಿನ ಗೊಂದಲ ಎರಡನೇ ತರಗತಿಯತನಕ ನಡೆಯುತ್ತದೆ. ವ ಕ್ಕೆ ಕೊಂಬು ಹಚ್ಚಿದರೆ ಮ ದ ಹಾಗೇ ಕಾಣುತ್ತದಲ್ಲ, ಅದಕ್ಕೆ. ಮಗುವಿನ ಕಣ್ಣು ಅಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಬರೆದರೂ ಆರು, ಏಳು ವರ್ಷದವರೆಗೆ ಗಾಬರಿ ಬೇಡ. ಮಹಾಪ್ರಾಣಗಳನ್ನು ಆದಷ್ಟು ಹಿಂದಕ್ಕೆ ಇಡಿ. ನಮ್ಮ ಕಡೆಯ ಆಡುಮಾತಿನಲ್ಲಿ ಅವು ಹೆಚ್ಚಾಗಿ ಉಳಿದಿಲ್ಲ, ಕಿವಿಗೆ ಬೇರೆಯಾಗಿ ಕೇಳದ್ದನ್ನು ಕೈಗೆ ಬೇರೆ ಮಾಡಿ ಕೊಡುವುದು ಐದು ವರ್ಷದವರಿಗೆ ಭಾರ.

ಕಿವಿಯ ಮಾತು ಇನ್ನೊಂದು. ಇಲ್ಲಿಯ ಎಲ್ಲ ಮಕ್ಕಳ ಮನೆಮಾತು ಕನ್ನಡ ಅಲ್ಲ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ವಿಜಯಪುರದ ಓಣಿಗಳಲ್ಲಿ ದಖನಿ ಉರ್ದು, ಬೆಳಗಾವಿ ಕಡೆ ಮರಾಠಿ. 'ಅ ಅಂದರೆ ಅರಸ' ಅಂದರೆ ಅಂಥ ಮಗುವಿಗೆ ಅರಸನೂ ಗೊತ್ತಿಲ್ಲ, ಅ ನೂ ಗೊತ್ತಿಲ್ಲ. ಕನ್ನಡ ಆಡುವ ಮಗುವಿಗಾದರೂ ಅರಸ ಎಲ್ಲಿ ಸಿಕ್ಕಾನು? ಚಿತ್ರದ ಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ ಅಂತ ಹೇಳುವುದಿಲ್ಲ. ಅಕ್ಷರ ಕೊಡುವ ಮೊದಲು ಆ ಸದ್ದಿನ ಮಾತುಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸಿ. ರ ಅಂದರೆ ರೊಟ್ಟಿ ಅಂತ ಒಬ್ಬ ಅಂದರೆ, 'ಅದು ರೊ ಆಯಿತಲ್ಲ' ಅಂತ ತಿದ್ದಲು ಹೋಗಬೇಡಿ. ರ ಸದ್ದು ಹಿಡಿದಿದ್ದಾನೆ, ಸಾಕು. ಕಬ್ಬು ಕಡಿಯಲು ಹೋದ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಬಿಟ್ಟು ಬಂದಾಗ, ಬಿಟ್ಟ ಅಕ್ಷರಗಳ ಲೆಕ್ಕ ಹಾಕದೆ ಮತ್ತೆ ಉಸುಕಿನ ತಾಟಿನ ಮುಂದೆ ಕೂಡ್ರಿಸಿ.

ತಾಯಂದಿರಿಗೆ ಒಂದು ಮಾತು. 'ಬಾಜೂ ಮನಿ ಹುಡುಗಿ ಎಬಿಸಿಡಿ ಎಲ್ಲಾ ಬರೀತಾಳ, ನಮ್ಮಂವಗ ಒಂದೂ ಬರವಲ್ದು' ಅನ್ನುವುದು ನಾನು ಅತಿ ಹೆಚ್ಚು ಕೇಳುವ ದೂರು. ಆ ಹುಡುಗಿ ಬರೆಯುವಾಗ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಎ ಯಾವ ಕಡೆಯಿಂದ ಶುರು ಮಾಡುತ್ತಾಳೆ, ಬೆರಳು ಬೆಳ್ಳಗಾಗಿವೆಯೇ, ಬರೆದದ್ದರಲ್ಲಿ ಒಂದು ಅಕ್ಷರ ತೋರಿಸಿ ಕೇಳಿದರೆ ಸದ್ದು ಹೇಳುತ್ತಾಳೆಯೇ. ನೋಟ್‌ಬುಕ್ ತುಂಬಿದೆ ಅನ್ನುವುದು ಅಕ್ಷರ ಬಂದಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ನಿಮ್ಮ ಮಗ ಒಂದು ದುಂಡು ಎಳೆದು, ಅದರೊಳಗೆ ಎರಡು ಕಣ್ಣು ಇಟ್ಟು, ಕೆಳಗೆ ಎರಡು ಕಾಲು ಇಳಿಸಿ 'ಇದು ಅಜ್ಜ' ಅಂದರೆ, ಅವನಿಗೆ ಅಕ್ಷರದ ಬಾಗಿಲು ತೆರೆದಿದೆ ಅಂತ ತಿಳಿಯಿರಿ. ಕಾಗದದ ಮೇಲಿನ ಗೆರೆ ಏನನ್ನೋ ಹೇಳುತ್ತದೆ ಅನ್ನುವುದು ಅವನಿಗೆ ಗೊತ್ತಾಗಿದೆ.

ನನ್ನ ಮಾತು ಇಲ್ಲಿಗೆ ಸಾಕು. ಕೇಳುವುದಿದ್ದರೆ ಕೇಳಿ.

ಒಬ್ಬ ಕಾರ್ಯಕರ್ತೆ ಕೇಳಿದರು: 'ಸರ್, ಮ್ಯಾಲಿನವರು ಬಂದು ಮಕ್ಕಳ ನೋಟ್‌ಬುಕ್ ಎಲ್ಲಿ ಅಂತ ಕೇಳತಾರ. ಉಸುಕು ತೋರಿಸಲೇನ್ರಿ?'

ಫೈಲು ತೋರಿಸಿ. ಪ್ರತಿ ಮಗುವಿನ ಗೀಚು, ಚಿತ್ರ, ತಿಂಗಳಿಗೊಂದು ಹಾಳೆ ಸಾಕು, ಹಿಂದೆ ತಾರೀಖು ಬರೆದು ಇಡಿ. ಜೂನಿನಲ್ಲಿ ಬರೀ ಗೀಚು, ಸೆಪ್ಟೆಂಬರಿಗೆ ಬಾಯಿ ಕೂಡಿದ ದುಂಡು, ಜನವರಿಗೆ ಕಮಾನಿನ ಸಾಲು. ಇದನ್ನು ಒಂದರ ಮೇಲೊಂದು ಇಟ್ಟು ತೋರಿಸಿದರೆ ಯಾರಿಗಾದರೂ ಕಾಣುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿನವರನ್ನು ಪರೀಕ್ಷೆಯಿಂದ ಅಳೆಯಬೇಡಿ, ಮಗುವನ್ನು ಗಮನಿಸಿ, ಅದು ಮಾಡಿದ ಕೆಲಸ ನೋಡಿ ತಿಳಿಯಿರಿ ಅಂತಲೇ ಹೇಳುತ್ತದೆ. ಅದನ್ನೂ ಹೇಳಿ.

ಒಬ್ಬ ತಾಯಿ: 'ನನ್ನ ಮಗಳು ಎಡಗೈಲೇ ಬರೀತಾಳ್ರಿ. ಅವರ ಅಜ್ಜಿ ಬೈತಾರ.'

ಊಟ ಬಲಗೈಯಲ್ಲಿ ಮಾಡಲಿ ಅಂತ ಅಜ್ಜಿ ಹೇಳಿದರೆ ಅದು ನಿಮ್ಮ ಮನೆಯ ಮಾತು, ನಾನು ನಡುವೆ ಬರುವುದಿಲ್ಲ. ಬರೆಯುವ ಕೈ ಮಾತ್ರ ಬದಲಿಸಬೇಡಿ. ಪಾಟಿಯನ್ನು ಅವಳ ಮೈಯ ನಡುವಿನಿಂದ ಸ್ವಲ್ಪ ಎಡಕ್ಕೆ ಸರಿಸಿ ಇಡಿ, ಎಡಮೂಲೆ ಸ್ವಲ್ಪ ಮೇಲಿರುವಂತೆ ವಾಲಿಸಿ. ಸಾಲಿನ ಎಡತುದಿಗೆ ಕೂಡ್ರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಅವಳು ಬಳಪವನ್ನು ತುದಿಗಿಂತ ಸ್ವಲ್ಪ ಮೇಲೆ ಹಿಡಿಯಲಿ, ಆಗ ಬರೆದದ್ದು ಅವಳಿಗೆ ಕಾಣುತ್ತದೆ, ಅಂಗೈಯಿಂದ ಅಳಿಸಿಯೂ ಹೋಗುವುದಿಲ್ಲ.

ಕೊನೆಯ ಪ್ರಶ್ನೆ ಮತ್ತೊಬ್ಬ ಕಾರ್ಯಕರ್ತೆಯದು: 'ಪಾಟಿ ಕಲ್ಲಿಂದು ಛಲೋನೋ ಪ್ಲಾಸ್ಟಿಕ್ಕಿಂದೋ?'

ಕಲ್ಲಿನದು. ಪ್ಲಾಸ್ಟಿಕ್ಕಿನ ಮೇಲೆ ಬಳಪ ಜಾರುತ್ತದೆ, ಮಗು ಒತ್ತಿ ಒತ್ತಿ ಬರೆದು ಬೆರಳು ನೋಯಿಸಿಕೊಳ್ಳುತ್ತದೆ. ಕಲ್ಲು ಬಳಪವನ್ನು ಸ್ವಲ್ಪ ಹಿಡಿಯುತ್ತದೆ, ಗೆರೆ ಎಲ್ಲಿ ತಿರುಗಿತು ಅಂತ ಕೈಗೆ ತಿಳಿಯುತ್ತದೆ. ಒಡೆಯುತ್ತದೆ ಅನ್ನುವುದು ನಿಜ, ಅದಕ್ಕೆ ಪಾಟಿಚೀಲದಲ್ಲಿ ಮನೆಗೆ ಕಳಿಸದೆ ಅಂಗನವಾಡಿಯಲ್ಲೇ ಇಟ್ಟುಕೊಳ್ಳಿ. ಸಂತೆಯಲ್ಲಿ ಕೊಳ್ಳುವಾಗ ಕಟ್ಟಿಗೆಯ ಚೌಕಟ್ಟಿನ ನಾಲ್ಕೂ ಮೂಲೆ ಅಲುಗಿಸಿ ನೋಡಿ, ಮೊಳೆ ಹೊರಗೆ ಬಂದದ್ದನ್ನು ತಗೋಬ್ಯಾಡ್ರಿ. ಗೆರೆ ಕೊರೆದದ್ದೂ ಬೇಡ, ಎರಡೂ ಬದಿ ಖಾಲಿ ಇರುವುದನ್ನೇ ಕೇಳಿ.